ಎರಡು ಜಡೆ, ಒಂದು ಪುಟ

"ನಿನ್ನ ಚಿಕ್ಕತ್ತಿಗೆ ಕಾಲ ಕೆಳಗೆ ತಂದು ಹಾಕಿದೀಯಲ್ಲೇ ನನ್ನ!" ಎಂದು ದೊಡ್ಡತ್ತಿಗೆ ಫೋನನ್ನು ಪುಟ್ಟಿಯ ಮೂಗಿಗೇ ಹಿಡಿದಳು. ಸುಳ್ಳೇನಲ್ಲ. ನಾಳಿದ್ದು ಬಾಗಿಲು ತೆರೆಯಲಿದ್ದ ಪರದೆ ಅಂಗಡಿಯ ವೆಬ್ ಪುಟದಲ್ಲಿ ಚಿಕ್ಕತ್ತಿಗೆಯ ಫೋಟೋ ಮೇಲಿತ್ತು, ದೊಡ್ಡತ್ತಿಗೆಯದು ಅದರ ಕೆಳಗೆ ಜಾರಿ ಕೂತಿತ್ತು. ಇಬ್ಬರು ಅಣ್ಣಂದಿರ ಹೆಂಡತಿಯರು ಕೂಡಿ ಇಡುತ್ತಿದ್ದ ಅಂಗಡಿ ಅದು. ಪುಟ ಕಟ್ಟಿಕೊಟ್ಟವಳು ನಾದಿನಿ ಪುಟ್ಟಿ. ಅದೇ ಅವಳ ಕಸುಬು. "ಪುಟ್ಟಿ ಇರೋವಾಗ ಪುಟಕ್ಕೇನು ಬರ?" ಎಂದು ಮನೆಯವರೆಲ್ಲ ಬೀಗಿದ್ದು ಹೋದ ವಾರದ ಮಾತು.

"ನನ್ನಲ್ಲಿ ಸರಿಯಾಗೇ ಇದೆಯಲ್ಲ ಅತ್ತಿಗೆ," ಎಂದು ಪುಟ್ಟಿ ತನ್ನ ಲ್ಯಾಪ್‌ಟಾಪ್ ತಿರುಗಿಸಿದಳು. ಅದರಲ್ಲಿ ಇಬ್ಬರೂ ಅಕ್ಕಪಕ್ಕ ನಗುತ್ತ ನಿಂತಿದ್ದರು.

"ನಿನ್ನಲ್ಲಿ ಸರಿ ಇದ್ರೆ ನಂಗೇನು ಬಂತು? ಜನ ಎಲ್ಲ ನಿನ್ನ ಲ್ಯಾಪ್‌ಟಾಪ್ ಎರವಲು ತಗೊಂಡು ನೋಡ್ತಾರಾ?"

ಅವಳು ಅತ್ತ ಹೋದಳೋ ಇಲ್ಲವೋ, ಇತ್ತ ಚಿಕ್ಕತ್ತಿಗೆ ಬಂದು ಮೆಲ್ಲಗೆ ಬಾಗಿಲು ಮುಂದೆ ಮಾಡಿದಳು. "ಅಕ್ಕ ಹಿರಿಯರು, ಮೇಲಿರ್ಲಿ, ಬೇಡ ಅನ್ನಲ್ಲ. ಆದ್ರೂ ಅಳತೆ ಹಾಕಿ ಕತ್ತರಿಸೋಳು ನಾನು. ನನ್ನ ಹೀಗೆ ತಳಕ್ಕೆ ತಳ್ಳೋದಾ?" ಅವಳ ಫೋನಿನಲ್ಲಿ ದೊಡ್ಡತ್ತಿಗೆ ಮೇಲೆ, ಅವಳು ಕೆಳಗೆ.

ಪುಟ್ಟಿಗೆ ರೋಗ ತಿಳಿಯಿತು. ಒಂದೇ ಪುಟವನ್ನು ಒಂದೊಂದು ಬ್ರೌಸರ್ ತನಗೆ ತೋಚಿದಂತೆ ಓದುತ್ತದೆ. ಫೋಟೋಗಳ ಅಗಲ ಕೂದಲೆಳೆಯಷ್ಟು ಹೆಚ್ಚಾಗಿತ್ತು. ಜಾಗ ಸಾಲದೆ ಒಂದು ಫೋನು ಬಲಗಡೆಯವರನ್ನು ಕೆಳಗೆ ದಬ್ಬಿತು, ಇನ್ನೊಂದು ಎಡಗಡೆಯವರನ್ನು. "ಅವರ ಫೋನಲ್ಲಿ ನೀವೇ ಮೇಲಿದೀರಿ" ಎಂದು ಇಬ್ಬರಿಗೂ ಹೇಳಿ ನೋಡಿದಳು. "ಕಿವಿ ಮೇಲೆ ಹೂ ಇಡಬೇಡ" ಎಂದರು ಇಬ್ಬರೂ. ನಿನ್ನ ಫೋನು ತೋರಿಸು ಎಂದು ಒಬ್ಬರನ್ನೊಬ್ಬರು ಕೇಳಲು ಬಿಗುಮಾನ. ಪರದೆ ಅಂಗಡಿಯವರ ಜಗಳ ಪರದೆಯ ಮೇಲೇ ಶುರುವಾಗಿತ್ತು. ಅಣ್ಣಂದಿರೋ ಮಹಾ ಜಾಣರು. ಜಗಳದ ವಾಸನೆ ಹತ್ತಿದರೆ ಸಾಕು, ಇಬ್ಬರಿಗೂ ಹಾಲು ತರುವುದು ನೆನಪಾಗುತ್ತದೆ.

ಅಂಗಡಿಯಲ್ಲಿ ಒಬ್ಬಳು ಕತ್ತರಿಸುತ್ತಿದ್ದಳು, ಒಬ್ಬಳು ಹೊಲಿಯುತ್ತಿದ್ದಳು, ನಡುವೆ ಒಂದು ಮೊಳ ಅಂತರ. "ಪುಟ್ಟೀ, ನೀಲಿ ನೂಲು ಎಲ್ಲಿಟ್ಟಿದಾರೆ ಅಂತ ಅವರನ್ನ ಕೇಳು." "ಪುಟ್ಟೀ, ಕಣ್ಣೆದುರಿಗೇ ಇದೆ ಅಂತ ಅವರಿಗೆ ಹೇಳು." ಕೊನೆಗೆ ದೊಡ್ಡತ್ತಿಗೆ ಹೊಲಿಗೆ ಯಂತ್ರದ ಮೇಲೆ ಮುಚ್ಚಳ ಕವಿಚಿ, "ಬಾಗಿಲು ತೆಗೆದ ಮಾರನೇ ದಿನ ಇದು ನಮ್ಮನೆಗೆ ಹೋಗುತ್ತೆ" ಎಂದಳು. ತೆರೆದ ಮಾರನೇ ದಿನವೇ ಅಂಗಡಿ ಮುಚ್ಚುವುದು, ಅದೂ ಪುಟ್ಟಿಯ ದೆಸೆಯಿಂದ!

ಪುಟ್ಟಿ ಮೂಲೆಯಲ್ಲಿ ಕೂತು ರಿಪೇರಿಗೆ ಇಳಿದಳು. ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗಾಯಿತು. ಒಂದು ಬ್ರೌಸರಿನಲ್ಲಿ ಕೂರಿಸಿದರೆ ಇನ್ನೊಂದರಲ್ಲಿ ಜಿಗಿಯುವುದು, ಅದನ್ನು ಹಿಡಿದರೆ ಇದು. ಎರಡು ಜಡೆ ಒಂದು ಕಡೆ ಸೇರುವುದಿಲ್ಲವೆಂಬ ಗಾದೆಯನ್ನು ಯಾರೋ ಪುಣ್ಯಾತ್ಮರು ಬ್ರೌಸರುಗಳಿಗೂ ಕಲಿಸಿದ್ದಾರೆ ಎನ್ನಿಸಿತು ಅವಳಿಗೆ. ಮತ್ತೇನೋ ಒಂದು ಸಾಲು ಬದಲಿಸಿದಳು. ಎರಡೂ ತಲೆಕೆಳಗಾದವು! ಈಗ ದೊಡ್ಡತ್ತಿಗೆಯ ಫೋನಿನಲ್ಲಿ ದೊಡ್ಡತ್ತಿಗೆ ಮೇಲೆ, ಚಿಕ್ಕತ್ತಿಗೆಯದರಲ್ಲಿ ಚಿಕ್ಕತ್ತಿಗೆ ಮೇಲೆ. ಛೆ, ಇದೂ ತಪ್ಪೇ ಎಂದು ಅಳಿಸಲು ಹೊರಟವಳ ಕಿವಿಗೆ, ಆಗಲೇ ತಂತಮ್ಮ ಫೋನು ನೋಡಿಕೊಂಡಿದ್ದ ಅತ್ತಿಗೆಯರ ಮಾತು ಬಿತ್ತು.

"ನೀಲಿ ನೂಲು ಇನ್ನೊಂದುಂಡೆ ಇದೆಯೇನೇ?"

"ಇದೆ ಅಕ್ಕಾ, ತಗೊಳ್ಳಿ."

ಪುಟ್ಟಿ ಬೆರಳು ಹಿಂದೆ ತೆಗೆದಳು. ಕಸುಬಿನವಳಿಗೆ ಇದು ನಾಚಿಕೆಗೇಡು. ತಪ್ಪು ಅಂತ ಗೊತ್ತಿದ್ದೂ ಬಿಡುವುದೇ? ಬಿಟ್ಟಳು. ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡು ಕೂತಳು.

ಅಂಗಡಿ ತೆರೆದ ದಿನ ಬೆಳಿಗ್ಗೆಯೇ ಚಿಕ್ಕತ್ತಿಗೆ ಫೋನು ಹಿಡಿದುಕೊಂಡು ಹತ್ತಿರ ಕರೆದು, "ಪುಟ ಚೆನ್ನಾಗಿದೆ ಕಣೆ. ಇನ್ನು ಅದನ್ನ ಮುಟ್ಟಬೇಡ" ಎಂದಳು. ಹೊಗಳಿದಳಲ್ಲ ಎಂದು ಪುಟ್ಟಿ ಉಬ್ಬಿಹೋದಳು. ಮಧ್ಯಾಹ್ನ ಗಿರಾಕಿಯೊಬ್ಬಳು ಬೇರೆ ಮಾದರಿ ಇದ್ದರೆ ತೋರಿಸಿ ಎಂದಾಗ ಚಿಕ್ಕತ್ತಿಗೆ ಒಳಗೆಲ್ಲೋ ಬಟ್ಟೆ ಸುತ್ತುತ್ತಿದ್ದಳು. ದೊಡ್ಡತ್ತಿಗೆ ತನ್ನ ಫೋನಿಗಾಗಿ ಅತ್ತಿತ್ತ ನೋಡಿ, ಕತ್ತರಿಸುವ ಮೇಜಿನ ಮೇಲೆ ಪುಟ ತೆರೆದುಕೊಂಡೇ ಬಿದ್ದಿದ್ದ ಚಿಕ್ಕತ್ತಿಗೆಯ ಫೋನನ್ನು ಎತ್ತಿಕೊಂಡುಬಿಟ್ಟಳು. ತಡೆಯಲು ಪುಟ್ಟಿ ಎದ್ದಳು, ತಡವಾಗಿತ್ತು.

ದೊಡ್ಡತ್ತಿಗೆ ನೋಡಿದಳು. ನೋಡುತ್ತಲೇ ಇದ್ದಳು.

"ಮೇಲಿರೋರು ಯಾರು?" ಗಿರಾಕಿ ಇಣುಕಿದಳು.

"ನನ್ನ ತಂಗಿ. ಕತ್ತರಿ ಅವಳ ಕೈಲಿದ್ರೆ ಬಟ್ಟೆ ಸೊಟ್ಟಗಾಗೋಕೆ ಹೆದರುತ್ತೆ."

"ಕೆಳಗಿರೋರು?"

"ನಾನೇ," ಎಂದು ಅವಳು ಮಾದರಿಗಳ ಕಡೆಗೆ ಬೆರಳು ಸರಿಸಿದಳು.

ಗಿರಾಕಿ ಹೋದ ಮೇಲೆ ಪುಟ್ಟಿ ಬೆಕ್ಕಿನ ಹೆಜ್ಜೆಯಲ್ಲಿ ಹತ್ತಿರ ಬಂದಳು. "ಅತ್ತಿಗೆ, ಇವತ್ತೇ ಸರಿ ಮಾಡ್ತೀನಿ. ಅದು ಏನಾಯ್ತು ಅಂದ್ರೆ..."

ದೊಡ್ಡತ್ತಿಗೆ ಫೋನನ್ನು ಎಲ್ಲಿಂದ ಎತ್ತಿದ್ದಳೋ ಅಲ್ಲೇ, ಹೇಗಿತ್ತೋ ಹಾಗೇ ಇಟ್ಟಳು. "ಚೆನ್ನಾಗಿದೆ ಕಣೆ. ಇನ್ನು ಅದನ್ನ ಮುಟ್ಟಬೇಡ."

ಪುಟ್ಟಿಗೆ ಈಗ ಹೊಳೆಯಿತು. ಬೆಳಿಗ್ಗೆ ಇದೇ ಮಾತು ಹೇಳುವಾಗ ಚಿಕ್ಕತ್ತಿಗೆಯ ಕೈಯಲ್ಲಿದ್ದದ್ದು ದೊಡ್ಡತ್ತಿಗೆಯ ಫೋನು.