ಇಪ್ಪತ್ತಕ್ಕೆ ಇಪ್ಪತ್ತು ಸಿಗರೇಟು

ಒಗೆಯಲು ತೆಗೆದ ಅಂಗಿಯ ಜೇಬಿನಿಂದ ಸಿಗರೇಟ್ ಪ್ಯಾಕ್ ಬಿತ್ತು. ಹೆಂಡತಿಯ ಕೈಯಿಂದ ಸೋಪೂ ಬಿತ್ತು.

"ರೀ! ಏನ್ರೀ ಇದು?"

ಗಂಡ ಮೊದಲು ಕೆಮ್ಮಿದ. ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಪಕ್ಕ ಇಪ್ಪತ್ತೆರಡು ವರ್ಷ ನಿಂತವನ ಕೆಮ್ಮು. ಅದಕ್ಕೆ ಅಲ್ಪವಿರಾಮ ಉಂಟು, ಪೂರ್ಣವಿರಾಮ ಇಲ್ಲ.

"ನಂದಲ್ಲ ಕಣೇ. ಇಡೀ ಶಿಫ್ಟಿಂದು. ಈ ವಾರ ನನ್ನ ಹತ್ರ ಇದೆ ಅಷ್ಟೆ."

"ಓಹೋ! ಊರಿಗೊಂದು ಚಿಮಣಿ ಸಾಲ್ದು ಅಂತ ಮನೆಗೊಂದಾ?"

ಊರಿನ ಚಿಮಣಿ ಕಿಟಕಿಯಲ್ಲೇ ಇತ್ತು. ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಬೂದಿ ಬಣ್ಣಕ್ಕೆ ಬಡ್ತಿ ಪಡೆಯುತ್ತಿತ್ತು. ಮಗಳ ಕ್ಲಾಸಿನಲ್ಲಿ ಮೂವತ್ತು ಮಕ್ಕಳು, ಹನ್ನೊಂದು ಇನ್‌ಹೇಲರ್. ಆದರೂ ಕಂಪನಿ ಕೊಟ್ಟ ಮನೆ, ನೀರು, ಮಗಳ ಶಾಲೆ ಎಲ್ಲವೂ ಅವನ ಕೆಲಸದ ಬಾಲಕ್ಕೆ ಕಟ್ಟಿದವು. ಬಿಟ್ಟು ಹೋಗುವುದೆಲ್ಲಿಗೆ?

ಹೆಂಡತಿ ಪತ್ತೇದಾರಿಕೆಗೆ ಇಳಿದಳು. ಪ್ರತಿ ಸಂಜೆ ಜೇಬು ನೋಡಿದಳು. ಸೋಮವಾರ ಇಪ್ಪತ್ತು ಸಿಗರೇಟು. ಗುರುವಾರವೂ ಇಪ್ಪತ್ತು. ಬೆಂಕಿಪೊಟ್ಟಣವಿಲ್ಲ, ಅಂಗಿಗೆ ವಾಸನೆಯಿಲ್ಲ. ಪ್ಯಾಕಿನ ಅಂಚು ಮಾತ್ರ ಹತ್ತು ಕೈ ದಾಟಿದಂತೆ ಸವೆದಿತ್ತು.

ಪುಣ್ಯಾತ್ಮ ಸೇದುವುದಿಲ್ಲ! ಸಮಾಧಾನವಾಯಿತು. ಹಿಂದೆಯೇ ಸಿಟ್ಟೂ ಬಂತು. ಮತ್ತೆ ಈ ಶೋಕಿ ಯಾರಿಗೆ ತೋರಿಸಲಿಕ್ಕೆ?

ಶುಕ್ರವಾರ ಸ್ಥಾವರದ ಆಸ್ಪತ್ರೆಯಲ್ಲಿ ವಾರ್ಷಿಕ ತಪಾಸಣೆ. ಮೆಟ್ಟಿಲು ಹತ್ತಲಾಗದ ಗಂಡನ ತೋಳು ಹಿಡಿದು ಅವಳೂ ಹೋದಳು. ಹೊರಗಿನ ಬೆಂಚಿನಲ್ಲಿ ಇಡೀ ಶಿಫ್ಟು ಸಾಲಾಗಿ ಕೆಮ್ಮುತ್ತಿತ್ತು.

ಗಂಡ ಗುರುತಿನ ಚೀಟಿಯ ಜೊತೆ ಸಿಗರೇಟ್ ಪ್ಯಾಕನ್ನೂ ಮೇಜಿನ ಮೇಲಿಟ್ಟ. ಡಾಕ್ಟರು ತಲೆಯೆತ್ತದೆ ಬರೆದರು. ಹೆಂಡತಿ ಬಗ್ಗಿ ಓದಿದಳು: 'ಇಪ್ಪತ್ತು ವರ್ಷದಿಂದ ಧೂಮಪಾನ. ಶ್ವಾಸಕೋಶದ ತೊಂದರೆಗೆ ಅದೇ ಕಾರಣ. ಕೆಲಸಕ್ಕೆ ಅಡ್ಡಿಯಿಲ್ಲ.'

"ಡಾಕ್ಟ್ರೇ! ನಮ್ಮೆಜಮಾನ್ರ ಮುಖಕ್ಕೆ ಮಸಿ ಬಳಿಯೋಕೆ ಕಲ್ಲಿದ್ದಲು ಸಾಲ್ದೇ? ನಿಮ್ಮ ಪೆನ್ನೂ ಬೇಕಾ?"

"ಅಮ್ಮಾ, ಬರೆದಿದ್ದು ಹಾಗೇ ಇರ್ಲಿ. ಮನೇಲಿ ಇವರನ್ನ ಒಂದ್ಸಲ ಕೇಳಿ."

"ಏನು ಕೇಳೋದು? ಎದೆ ತುಂಬಿದ್ದು ನಿಮ್ಮ ದೂಳು, ಹೆಸರು ಕೆಟ್ಟಿದ್ದು ಇವರದ್ದು. ಇರೋದನ್ನ ಇದ್ದ ಹಾಗೆ ಬರೀರಿ. ಔಷಧಿ ಖರ್ಚಾದ್ರೂ ಕಂಪನಿ ಕೊಡ್ಲಿ!"

ಗಂಡ ಅವಳ ಕಾಲು ತುಳಿದ.

"ಕಾಲು ತುಳಿದ್ರೆ ಬಾಯಿ ಮುಚ್ಚಲ್ಲ ಕಣ್ರೀ! ಡಾಕ್ಟ್ರೇ, ಇವರು ಸೇದೋರಾದ್ರೆ ಈಗ್ಲೇ ಒಂದು ಸೇದಿ ತೋರಿಸ್ಲಿ."

ಗಂಡ ಗಡಿಬಿಡಿಯಲ್ಲಿ ಒಂದನ್ನು ಬಾಯಿಗಿಟ್ಟ. ಉಲ್ಟಾ.

ಬಾಗಿಲಲ್ಲಿ ಕಂಪನಿಯ ಸುರಕ್ಷತಾ ಅಧಿಕಾರಿ ನಿಂತು ನೋಡುತ್ತಿದ್ದ. ಡಾಕ್ಟರು ಅವನ ಮುಖ ನೋಡಿದರು, ನಿಟ್ಟುಸಿರು ಬಿಟ್ಟರು.

"ಇನ್ನು ನನ್ನ ಕೈಲಿಲ್ಲಮ್ಮ."

ಹಳೆಯ ಸಾಲು ಹೊಡೆದುಹಾಕಿ ಹೊಸದು ಬರೆದರು. ಗೆದ್ದವಳು ಹಾಳೆ ಕಿತ್ತುಕೊಂಡು, ಬೆಂಚಿಗೂ ಕೇಳುವಂತೆ ಓದತೊಡಗಿದಳು.

"'ಧೂಮಪಾನದ ಅಭ್ಯಾಸವಿಲ್ಲ.' ಕೇಳಿದ್ರಾ? 'ಕಲ್ಲಿದ್ದಲ ದೂಳಿನಿಂದಲೇ ಶ್ವಾಸಕೋಶ ಹಾಳಾಗಿದೆ.' ಹಾಂ, ಹಾಗೆ ಬನ್ನಿ ದಾರಿಗೆ! 'ಆದ್ದರಿಂದ, ನೌಕರನ ಆರೋಗ್ಯದ ಹಿತದೃಷ್ಟಿಯಿಂದ, ಇಂದಿನಿಂದಲೇ ಕೆಲಸದಿಂದ ಬಿಡುಗಡೆ. ತಿಂಗಳೊಳಗೆ ಮನೆ ಖಾಲಿ...'"

ಗಂಡ ಗೋಡೆ ಹಿಡಿದು ಕೂತ.

ಮುಂದಿನ ಸರದಿಯವನು ಒಳಗೆ ಬಂದ. ಉಸಿರು ಸಿಗದೆ ಒಂದು ಕ್ಷಣ ನಿಂತ. ಡಾಕ್ಟರು ಏನೂ ಕೇಳುವ ಮೊದಲೇ ಹೇಳಿದ:

"ನಂದು ದಿನಕ್ಕೆ ಎರಡು ಪ್ಯಾಕು, ಸಾರ್."