ಎಂಜಿನ್ ಕೆಟ್ಟ ದಿನ

ಎರಡನೇ ಮಹಾಯುದ್ಧ ಮುಗಿದು ಐವತ್ತು ವರ್ಷವಾಗಿತ್ತು. ಆ ಯುದ್ಧದಲ್ಲಿ ಕರಾವಳಿ ಕಾದ ನೌಕಾಪಡೆಯ ಮೋಟಾರು ದೋಣಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ ಉಪನ್ಯಾಸಕ ಶ್ರೀನಿಧಿ, ಮೂರು ವರ್ಷ ಹುಡುಕಿ, ಅಂಥ ದೋಣಿಯ ನಾವಿಕನೊಬ್ಬನನ್ನು ಪತ್ತೆಹಚ್ಚಿದ. ಮುದುಕ ಜಟ್ಟಪ್ಪ ಹೊನ್ನಾವರದ ಹತ್ತಿರ ತನ್ನ ಅಂಗಳದಲ್ಲಿ ಬಲೆ ಹೆಣೆಯುತ್ತ ಕೂತಿದ್ದ. ಪಕ್ಕದಲ್ಲಿ ಹೆಂಡತಿ ಮಂಕಾಳಿ ಮೀನು ಹೆಚ್ಚುತ್ತಿದ್ದಳು.

“ಎಂಜಿನ್ ಕೆಟ್ಟು ನಿಮ್ಮ ದೋಣಿ ದಡದಿಂದ ನಾಲ್ಕು ಮೈಲು ಆಚೆ ನಿಂತಿತು ಅಂತ ಕಡತದಲ್ಲಿದೆ. ಸಂಜೆ ದಡ ಸೇರಿತು ಅಂತಲೂ ಇದೆ. ಹೇಗೆ ಅಂತ ಮಾತ್ರ ಯಾರೂ ಬರೆದಿಲ್ಲ. ಅದು ಸಿಗದೆ ನನ್ನ ಪುಸ್ತಕ ಮುಗಿಯುವುದಿಲ್ಲ,” ಎಂದ ಶ್ರೀನಿಧಿ.

ಜಟ್ಟಪ್ಪ ಎದೆಯುಬ್ಬಿಸಿದ. “ಎಂಟು ಜನ ಸೇರಿ ಹುಟ್ಟು ಹಾಕಿ ತಂದೆವು.”

“ಆ ದೋಣಿಯಲ್ಲಿ ಹುಟ್ಟು ಎಲ್ಲಿತ್ತು?” ಎಂದಳು ಮಂಕಾಳಿ, ತಲೆ ಎತ್ತದೆ.

“ಸರಿ, ಎಂಜಿನ್ ನಾನೇ ರಿಪೇರಿ ಮಾಡಿದೆ.”

“ಮನೆಯ ಸ್ಟವ್ವೇ ಇವರ ಕೈಯಲ್ಲಿ ಒಂದು ದಿನವೂ ಹೊತ್ತಿಕೊಂಡಿಲ್ಲ.”

“ಹಾಗಾದರೆ ಗಾಳಿ ತಂದು ಬಿಟ್ಟಿತು ಅಂತ ಬರೀರಿ!”

“ಅವತ್ತು ಗಾಳಿಯೇ ಇರಲಿಲ್ಲ. ಕಡಲು ಎಣ್ಣೆ ಸುರಿದ ಹಾಗೆ ಮಲಗಿತ್ತು.”

ಜಟ್ಟಪ್ಪ ನಗು ಅಡಗಿಸಿಕೊಂಡು ಬಲೆಯ ಮೇಲೆ ಬಗ್ಗಿದ. ಶ್ರೀನಿಧಿ ಪೆನ್ನು ಹಿಡಿದುಕೊಂಡೇ ಆಕೆಯತ್ತ ತಿರುಗಿದ.

“ಅಮ್ಮಾ, ಇದನ್ನೆಲ್ಲ ನಿಮಗೆ ಯಾರು ಹೇಳಿದರು?”

“ಯಾರು ಹೇಳಬೇಕು? ನಮ್ಮಪ್ಪನ ಮೀನಿನ ದೋಣಿಗೆ ಹಗ್ಗ ಕಟ್ಟಿ, ಹುಟ್ಟು ಹಾಕಿ ಈ ಶೂರರನ್ನೆಲ್ಲ ಎಳೆದು ತಂದವರಲ್ಲಿ ನಾನೂ ಒಬ್ಬಳು.”