ಹಾಜರಿ ಒಂದು

ಸರ್ಕಾರಿ ಶಾಲೆಯ ಟೀಚರ್ ಯಾವ ಮಗುವಿಗೂ ‘ತಪ್ಪು’ ಎಂದವರಲ್ಲ. ‘ಇನ್ನೊಮ್ಮೆ ನೋಡೋಣು’ ಎನ್ನುತ್ತಲೇ ಎಂಥ ದಡ್ಡರಿಗೂ ಓದು ಹತ್ತಿಸುತ್ತಿದ್ದರು. ಆ ತಾಳ್ಮೆಯೇ ಶಾಲೆಗೆ ಮುಳುವಾಯಿತು. ಮಗು ಓದಲು ಕಲಿತದ್ದೇ ತಡ, ಮನೆಯವರು ಪೇಟೆಯ ಇಂಗ್ಲಿಷ್ ಶಾಲೆಗೆ ಸೇರಿಸುತ್ತಿದ್ದರು. ಈಗ ಹಾಜರಿಯಲ್ಲಿ ಉಳಿದವಳು ನೀಲವ್ವ ಒಬ್ಬಳೇ. ಅವಳೂ ಹೋದರೆ ಶಾಲೆಗೆ ಬೀಗ.

ಅವಳಪ್ಪ ಬಾಗಿಲಲ್ಲಿ ನಿಂತಿದ್ದ.

“ಓದಾಕ ಬಂತೇನ್ರಿ ಅಕ್ಕೋರ? ಬಂದಿದ್ರ ನಾಳೆನ ಪ್ಯಾಟಿ ಸಾಲಿಗೆ ಹಚ್ಚತೀನಿ. ನನಗ ಅಕ್ಷರ ಗೊತ್ತಿಲ್ರಿ, ನೀವು ಹೇಳಿದ್ದ ಖರೆ.”

ಮೂರು ವರ್ಷ ತೊದಲಿದ್ದ ನೀಲವ್ವ ಇಡೀ ಪುಟವನ್ನು ಒಂದಕ್ಷರವೂ ತಪ್ಪದೆ ಓದಿ ಮುಗಿಸಿ, ಹಿಗ್ಗಿನಿಂದ ಟೀಚರ ಮುಖ ನೋಡಿದಳು.

ಹಾಜರಿ ಪುಸ್ತಕದಿಂದ ಕಣ್ಣೆತ್ತದೆ ಟೀಚರ್ ಹೇಳಿದರು: “ತಪ್ಪು. ಮೊದಲಿಂದ ಓದು.”